ಹಳಿ ಹೋದ ಮೇಲೂ ಉಳಿದ ದಾರಿ

ಯೂರೋಪಿನ ಜ್ವಾಲಾಮುಖಿಗಳೆಂದರೆ ನಮ್ಮ ಪಠ್ಯಪುಸ್ತಕಗಳು ಹೇಳಿಕೊಟ್ಟದ್ದು ಇಟಲಿಯ ವೆಸುವಿಯಸ್, ಎಟ್ನಾ ಮತ್ತು ದೂರದ ಐಸ್‌ಲೆಂಡ್ ಇಷ್ಟನ್ನೇ. ಸ್ಪೇನ್ ದೇಶದ ಈಶಾನ್ಯ ಮೂಲೆಯ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ, ಪಿರೆನೀಸ್ ಪರ್ವತಶ್ರೇಣಿಯ ಬುಡದಲ್ಲಿರುವ ಗರೋಚಾ ಎಂಬ ಸೀಮೆ ಆ ಪಟ್ಟಿಯಲ್ಲಿ ಇರಲಿಲ್ಲ. ಆರಿಹೋದ ಸುಮಾರು 40 ಜ್ವಾಲಾಮುಖಿಗಳು ಅಲ್ಲಿನ ಹೊಲಗಳ, ಹಳ್ಳಿಗಳ ನಡುವೆ ಕಾಡು ಹೊದ್ದ ಗುಡ್ಡಗಳಾಗಿ ನಿಂತಿವೆ. ಆ ಸೀಮೆಯ ಮುಖ್ಯ ಪಟ್ಟಣ ಒಲೋಟ್. ಅಲ್ಲಿಂದ ಜಿಲ್ಲಾಕೇಂದ್ರದಂತಿರುವ ಜಿರೋನಾ ನಗರಕ್ಕೆ ಸುಮಾರು 55 ಕಿ.ಮೀ., ಜಿರೋನಾದಿಂದ ಮೆಡಿಟರೇನಿಯನ್ ಕಡಲ ದಂಡೆಯ ಸಾಂತ್ ಫೆಲಿಯು ಪಟ್ಟಣಕ್ಕೆ ಇನ್ನೂ 40 ಕಿ.ಮೀ. ಈ ಇಡೀ ದೂರವನ್ನು ಒಬ್ಬ ಸೈಕಲ್ ಸವಾರ, ಲಾರಿ ಕಾರುಗಳ ಕಾಟ ಬಹುತೇಕ ಇಲ್ಲದೆ, ಕ್ರಮಿಸಬಹುದು.

ಯಾವುದೋ ಸರ್ಕಾರ ಸೈಕಲ್ ಸವಾರರ ಮೇಲಿನ ಪ್ರೀತಿಯಿಂದ ಈ ದಾರಿಯನ್ನು ಹೊಸದಾಗಿ ಕಡಿದದ್ದಲ್ಲ. ಅದು ನಷ್ಟದ ಬಾಬ್ತು ಎಂದು 1969ರಲ್ಲಿ ಮುಚ್ಚಿದ ಒಂದು ಪುಟ್ಟ ರೈಲುಮಾರ್ಗದ ನೆಲ. ರೈಲು ಹೋಯಿತು, ಹಳಿ ಹೋಯಿತು, ಆದರೆ ದಾರಿ ಉಳಿಯಿತು. ನಿವೃತ್ತ ಆಡಳಿತಗಾರನಾದ ನನ್ನ ಕುತೂಹಲ ಇರುವುದು ಆ ಕೊನೆಯ ಮಾತಿನಲ್ಲಿ. ಬೇಡವಾದ ಸಾರ್ವಜನಿಕ ಆಸ್ತಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಜಗತ್ತಿನ ಎಲ್ಲ ಸರ್ಕಾರಗಳ ಮುಂದೆಯೂ ಇದೆ. ಗರೋಚಾ ಅದಕ್ಕೊಂದು ಉತ್ತರವನ್ನು ಕೊಟ್ಟಿದೆ.

ಮೊದಲು ಆ ನೆಲದ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಒಲೋಟ್ ಪಟ್ಟಣದ ಮನೆಗಳ ನಡುವೆಯೇ ಜ್ವಾಲಾಮುಖಿಯ ಶಂಕುಗಳು ಎದ್ದಿವೆ. ಪಟ್ಟಣದಿಂದ ಕೆಲವೇ ಕಿಲೋಮೀಟರು ದೂರದ ಸಾಂತಾ ಮಾರ್ಗರಿದಾ ಎಂಬ ಕುಳಿ ಹಸಿರು ಹುಲ್ಲಿನ ದೊಡ್ಡ ಬೋಗುಣಿಯಂತಿದ್ದು, ಅದರ ನಟ್ಟನಡುವೆ ಒಂದು ಚಿಕ್ಕ ಕ್ರೈಸ್ತ ಪ್ರಾರ್ಥನಾಮಂದಿರವಿದೆ. ಸಮೀಪದ ಕ್ರೋಸ್ಕಾಟ್ ಆ ಸೀಮೆಯ ಜ್ವಾಲಾಮುಖಿಗಳಲ್ಲಿ ಅತಿ ಕಿರಿಯದು. ಅದು ಕೊನೆಯ ಬಾರಿಗೆ ಬೆಂಕಿ ಉಗುಳಿದ್ದು ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ. ಅದರಿಂದ ಹರಿದ ಲಾವಾರಸ ತಣ್ಣಗಾಗಿ, ಉಬ್ಬುತಗ್ಗುಗಳ ನೆಲವಾಗಿ, ಅದರ ಮೇಲೆ ಬೀಚ್ ಮರಗಳ ದಟ್ಟ ಕಾಡು ಬೆಳೆದಿದೆ. ಎತ್ತರದ ತಂಪು ಬೆಟ್ಟಗಳನ್ನು ಬಯಸುವ ಈ ಮರ ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿಯೇ ಇಲ್ಲಿ ಸೊಂಪಾಗಿರುವುದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ವಿಶೇಷ.

ಕಾಸ್ಟೆಲ್‌ಫೊಲಿಟ್ ಎಂಬ ಇನ್ನೊಂದು ಊರು ಸುಮಾರು 50 ಮೀಟರು ಎತ್ತರದ, ಒಂದು ಕಿಲೋಮೀಟರಿನಷ್ಟು ಉದ್ದದ ಕಪ್ಪುಶಿಲೆಯ ಗೋಡೆಯ ತುದಿಗೆ ಅಂಟಿಕೊಂಡಂತಿದೆ. ಲಕ್ಷಾಂತರ ವರ್ಷಗಳ ಹಿಂದೆ ಒಂದರ ಮೇಲೊಂದು ಹರಿದ ಎರಡು ಲಾವಾ ಪ್ರವಾಹಗಳನ್ನು ನದಿಗಳು ಎರಡೂ ಕಡೆಯಿಂದ ಕೊರೆದು ಆ ಗೋಡೆಯನ್ನು ನಿಲ್ಲಿಸಿವೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳನ್ನು ಕಂಡವರಿಗೆ ಆ ಗೋಡೆಯ ಮೈ ಅಪರಿಚಿತವೆನಿಸದು. ಲಾವಾ ತಣಿಯುವಾಗ ಕುಗ್ಗಿ ಸೀಳಿ ಕಂಬಗಳಾಗುವ ಕ್ರಿಯೆ ಎರಡೂ ಕಡೆ ಒಂದೇ. ಹಾಗೆ ನೋಡಿದರೆ ಜ್ವಾಲಾಮುಖಿಯ ನೆಲ ಕನ್ನಡಿಗರಿಗೆ ಹೊಸದೂ ಅಲ್ಲ. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ್ ಸೀಮೆಗಳ ಬಹುಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಹಾಸಿನ ಮೇಲಿದೆ. ಅಲ್ಲಿನ ಎರೆಭೂಮಿ ಆ ಶಿಲೆಯ ಮಗಳು, ಗೋಲಗುಮ್ಮಟದ ಕಲ್ಲು ಆ ಶಿಲೆಯದೇ. ಗರೋಚಾದ ಲಾವಾ ಮಣ್ಣೂ ಫಲವತ್ತಾದುದು. ಸಾಂತಾ ಪೌ ಎಂಬ ಅಲ್ಲಿನ ಹಳ್ಳಿಯ ಬಿಳಿ ಹುರುಳಿಕಾಯಿ ಬೀಜ ಸ್ಪೇನಿನಾದ್ಯಂತ ಹೆಸರು ಮಾಡಿದೆ.

ಇಂಥ ಸೀಮೆಗೆ ರೈಲು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಒಲೋಟ್‌ನಲ್ಲಿ ನೇಯ್ಗೆಯ ಉದ್ಯಮವಿತ್ತು. ಚರ್ಚುಗಳಿಗೆ ಸಂತರ ವಿಗ್ರಹಗಳನ್ನು ಮಾಡಿಕೊಡುವ ಕಾರ್ಖಾನೆಗಳು 1880ರಿಂದ ಹೆಸರು ಮಾಡಿದ್ದವು. ಸರಕು ಹೊರಹೋಗಲು ದಾರಿ ಬೇಕಿತ್ತು. ಬ್ರಿಟಿಷ್ ಬಂಡವಾಳದ ಒಂದು ಕಂಪನಿ ಜಿರೋನಾದ ಕಡೆಯಿಂದ ಹಳಿ ಹಾಸತೊಡಗಿತು. 1895ರಲ್ಲಿ ಮೊದಲ ತುಣುಕಿನಲ್ಲಿ ರೈಲು ಓಡಿತು. ಒಲೋಟ್ ತಲುಪಿದ್ದು 1911ರಲ್ಲಿ. ಹಳಿಗಳ ನಡುವಿನ ಅಂತರ ಕೇವಲ 75 ಸೆಂಟಿಮೀಟರು. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ನಡುವೆ ಹಿಂದೆ ಓಡುತ್ತಿದ್ದ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ರೈಲನ್ನು ಬಲ್ಲ ಹಿರಿಯರಿಗೆ ಅದರ ಗಾತ್ರ, ಅದರ ನಿಧಾನ ಎರಡೂ ಕಣ್ಣಿಗೆ ಕಟ್ಟುತ್ತವೆ. ಅಲ್ಲಿನ ಜನ ಅದನ್ನು ಅಕ್ಕರೆಯಿಂದ ‘ಕರಿಲೆಟ್’ ಎಂದು ಕರೆದರು. ಪುಟ್ಟ ರೈಲು ಎಂದು ಅದರ ಅರ್ಥ.

ಅದರ ಅಂತ್ಯ ಲೋಕಾರೂಢಿಯಂತೆಯೇ ಆಯಿತು. ರಸ್ತೆ ಸುಧಾರಿಸಿತು, ಬಸ್ಸು ಲಾರಿಗಳು ಬಂದವು, ಪ್ರಯಾಣಿಕರು ಕರಗಿದರು. ಕಂಪನಿಯಿಂದ ಸರ್ಕಾರದ ಕೈಗೆ ಬಂದಿದ್ದ ಮಾರ್ಗ 1969ರ ಜುಲೈನಲ್ಲಿ ನಿಂತಿತು. ಜಿರೋನಾದಿಂದ ಕಡಲಿಗೆ ಹೋಗುತ್ತಿದ್ದ, 1892ರಲ್ಲಿ ಶುರುವಾಗಿದ್ದ ಇನ್ನೊಂದು ಪುಟ್ಟ ರೈಲೂ ಅದೇ ವರ್ಷ ಕಣ್ಣುಮುಚ್ಚಿತು. ಸ್ಪೇನಿನ ಇತರೆಡೆಗಳಲ್ಲಿಯೂ ಇದೇ ಕತೆ. ಬಳಕೆಯಿಲ್ಲದೆ ಬಿದ್ದಿದ್ದ ರೈಲುಮಾರ್ಗಗಳ ಒಟ್ಟು ಉದ್ದ 1993ರ ಹೊತ್ತಿಗೆ 7,600 ಕಿಲೋಮೀಟರುಗಳನ್ನು ದಾಟಿತ್ತು.

ಇಲ್ಲಿ ಅರ್ಥಶಾಸ್ತ್ರದ ಒಂದು ಸರಳ ತತ್ತ್ವವನ್ನು ನೆನೆಯಬೇಕು. ರೈಲುಮಾರ್ಗವೊಂದರ ಜಮೀನನ್ನು ಎಕರೆ ಲೆಕ್ಕದಲ್ಲಿ ಮಾರಿದರೆ ಬರುವ ಹಣ ಬಹಳ ಕಡಿಮೆ. ಏಳೆಂಟು ಮೀಟರು ಅಗಲದ ಪಟ್ಟಿಯಲ್ಲಿ ಯಾರೂ ಬೆಳೆ ಬೆಳೆಯಲಾರರು, ಮನೆ ಕಟ್ಟಲಾರರು. ಪಕ್ಕದ ಹೊಲದವನಿಗೆ ಮಾತ್ರ ಅದು ಬೇಕು, ಅವನು ಕೊಟ್ಟದ್ದೇ ಬೆಲೆ. ಆದರೆ ಅದೇ ಪಟ್ಟಿ ತುದಿಯಿಂದ ತುದಿಗೆ ಅಖಂಡವಾಗಿದ್ದರೆ ಅದರ ಮೌಲ್ಯ ಬೇರೆಯೇ. ಅದು ಎರಡು ಊರುಗಳನ್ನು ಕೂಡಿಸುವ ದಾರಿ. ಅದರ ಬೆಲೆ ಇರುವುದು ಎಕರೆಗಳಲ್ಲಿ ಅಲ್ಲ, ಎಲ್ಲಿಯೂ ಕಡಿಯದಿರುವುದರಲ್ಲಿ. ಐವತ್ತು ಕಿಲೋಮೀಟರು ಉದ್ದದ ಹಗ್ಗದ ನಡುವೆ ಐವತ್ತು ಮೀಟರು ಕತ್ತರಿಸಿದರೆ ಉಳಿಯುವುದು ಎರಡು ತುಂಡು. ಬಾವಿಗೆ ಇಳಿಸಲು ಯಾವುದೂ ಸಾಲದು. ಒಮ್ಮೆ ಕತ್ತರಿಸಿದ ಮೇಲೆ ಪುನಃ ಕೂಡಿಸಬೇಕೆಂದರೆ ನಡುವಿನ ಪ್ರತಿಯೊಬ್ಬ ಮಾಲೀಕನೂ ಒಪ್ಪಬೇಕು. ಕೊನೆಯವನು ಕೇಳಿದ ಬೆಲೆಗೆ ಮಿತಿಯಿರದು. ಮಾರುವಾಗ ಅಗ್ಗ, ಕೊಳ್ಳುವಾಗ ಕೈಗೆಟುಕದ ಬೆಲೆ: ಸಾರ್ವಜನಿಕ ಆಸ್ತಿಯ ಮಾರಾಟಗಳಲ್ಲಿ ಇದಕ್ಕಿಂತ ಕೆಟ್ಟ ವ್ಯಾಪಾರ ಇನ್ನೊಂದಿಲ್ಲ.

ಬ್ರಿಟನ್ ಈ ವ್ಯಾಪಾರವನ್ನು ಮಾಡಿ ನೋಡಿತು. 1963ರ ಬೀಚಿಂಗ್ ವರದಿ ಸುಮಾರು 5,000 ಮೈಲು ರೈಲುಮಾರ್ಗವನ್ನೂ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನೂ ಮುಚ್ಚಲು ಶಿಫಾರಸು ಮಾಡಿತು. ಮುಚ್ಚಿದ ಮಾರ್ಗಗಳ ನೆಲ ಅನೇಕ ಕಡೆ ತುಂಡುತುಂಡಾಗಿ ಮಾರಾಟವಾಯಿತು, ಸೇತುವೆಗಳು ಉರುಳಿದವು. ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವಿನ ಹಳೆಯ ಹಳಿದಾರಿಯನ್ನು 1979ರಿಂದ 1986ರವರೆಗೆ ಸ್ವಯಂಸೇವಕರ ಶ್ರಮದಿಂದ ಸೈಕಲ್ ಪಥವಾಗಿಸಿದ್ದು ಉಳಿದದ್ದನ್ನಾದರೂ ಉಳಿಸಿಕೊಳ್ಳುವ ಪ್ರಯತ್ನವಾಗಿತ್ತು. ಅಮೆರಿಕ ಕಾನೂನಿನ ದಾರಿ ಹಿಡಿಯಿತು. ಅಲ್ಲಿ 1983ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಮುಚ್ಚುವ ಮಾರ್ಗವನ್ನು ಮುಂದೆಂದಾದರೂ ರೈಲಿಗೆ ಬೇಕಾಗಬಹುದೆಂದು ಕಾದಿರಿಸಿ, ಅಲ್ಲಿಯವರೆಗೆ ನಡಿಗೆಗೆ, ಸೈಕಲ್ಲಿಗೆ ಬಿಟ್ಟುಕೊಡಬಹುದು. ಅಲ್ಲಿನ ಸುಪ್ರೀಂ ಕೋರ್ಟು 1990ರಲ್ಲಿ ಇದನ್ನು ಎತ್ತಿಹಿಡಿಯಿತು. ಆದರೆ ಹಾಗೆ ಕಾದಿರಿಸದೆ ಕೈಬಿಟ್ಟಿದ್ದ ಒಂದು ಮಾರ್ಗದ ನೆಲ ಪಕ್ಕದ ಜಮೀನಿನವರಿಗೇ ಸೇರಬೇಕೆಂದು ಅದೇ ನ್ಯಾಯಾಲಯ 2014ರಲ್ಲಿ ತೀರ್ಪು ನೀಡಿತು. ರೈಲು ಕಂಪನಿಗೆ ಇದ್ದದ್ದು ನೆಲದ ಒಡೆತನವಲ್ಲ, ಹಾದುಹೋಗುವ ಹಕ್ಕು ಮಾತ್ರ ಎಂಬುದು ಅದರ ಸಾರ. ಅಂದರೆ ಹಕ್ಕುಪತ್ರದ ಒಂದು ಪದದ ಮೇಲೆ ನೂರು ಮೈಲಿನ ದಾರಿ ನಿಲ್ಲಬಹುದು, ಬೀಳಬಹುದು.

ಸ್ಪೇನ್ ಸರ್ಕಾರ 1993ರಲ್ಲಿ ಕೈಗೊಂಡ ಕ್ರಮದ ಮಹತ್ವ ಈ ಹಿನ್ನೆಲೆಯಲ್ಲಿ ಕಾಣುತ್ತದೆ. ಲೋಕೋಪಯೋಗಿ ಸಚಿವಾಲಯ ಹಾಗೂ ರೈಲ್ವೆ ಸಂಸ್ಥೆಗಳು ಕೂಡಿ ‘ವಿಯಾಸ್ ವೆರ್ದೆಸ್’, ಅಂದರೆ ಹಸಿರು ದಾರಿಗಳು ಎಂಬ ಯೋಜನೆಯನ್ನು ಆರಂಭಿಸಿದವು. ಸಮನ್ವಯದ ಕೆಲಸ ಸ್ಪ್ಯಾನಿಷ್ ರೈಲ್ವೆ ಪ್ರತಿಷ್ಠಾನದ್ದು. ದಾರಿ ಕಟ್ಟುವ, ಕಾಯುವ ಹೊಣೆ ಸ್ಥಳೀಯ ಆಡಳಿತಗಳದ್ದು. ಇಂದು ಅಂಥ ದಾರಿಗಳ ಉದ್ದ 3,000 ಕಿಲೋಮೀಟರುಗಳನ್ನು ಮೀರಿದೆ. ಮಾರ್ಗ ಒಂದೇ ಆದರೂ ಅದು ಹಾಯುವ ಪುರಸಭೆಗಳು ಹಲವು. ಗರೋಚಾದ ಮಾರ್ಗವನ್ನು ಸ್ಥಳೀಯ ಸಂಸ್ಥೆಗಳು ಕೂಡಿ ಕಟ್ಟಿಕೊಂಡ ಒಂದು ಒಕ್ಕೂಟ ನೋಡಿಕೊಳ್ಳುತ್ತದೆ. ಒಬ್ಬರ ಗಡಿಯಲ್ಲಿ ದಾರಿ ಚೆನ್ನಾಗಿದ್ದು ಇನ್ನೊಬ್ಬರ ಗಡಿಯಲ್ಲಿ ಹಾಳಾಗುವ ಅಪಾಯಕ್ಕೆ ಇದು ಆಡಳಿತಾತ್ಮಕ ಪರಿಹಾರ. ಕೇಳಲು ಸಣ್ಣ ವಿಷಯ. ಆದರೆ ಎರಡು ಪಂಚಾಯಿತಿಗಳ ನಡುವಿನ ಒಂದು ಮೋರಿಯ ದುರಸ್ತಿಗೆ ವರ್ಷಗಟ್ಟಲೆ ಕಡತ ಅಲೆದದ್ದನ್ನು ಕಂಡ ನನ್ನಂಥವರಿಗೆ ಇದು ಸಣ್ಣದಲ್ಲ.

ಬಾರ್ಸಿಲೋನಾದಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ನಿವೃತ್ತಿಯ ನಂತರ ಹೋಗಿದ್ದಾಗ ನಾನು ಬಾಡಿಗೆ ಸೈಕಲ್ಲಿನಲ್ಲಿ ಒಲೋಟ್‌ನಿಂದ ಜಿರೋನಾಕ್ಕೆ ಎರಡು ದಿನಗಳಲ್ಲಿ ನಿಧಾನವಾಗಿ ಹೋದೆ. ಅರವತ್ತು ದಾಟಿದ ಮೊಣಕಾಲಿಗೆ ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯುವುದು ಸಾಧ್ಯವೇ ಎಂಬ ಅಳುಕು ಇತ್ತು. ಆದರೆ ರೈಲಿನ ನಿಯಮ ಇಲ್ಲಿ ಸವಾರನ ನೆರವಿಗೆ ಬರುತ್ತದೆ. ಹಳಿಯೂ ಗಾಲಿಯೂ ಲೋಹದ್ದಾದ್ದರಿಂದ ಅವೆರಡರ ನಡುವೆ ಹಿಡಿತ ಕಡಿಮೆ. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಅಂದಿನ ಎಂಜಿನಿಯರುಗಳು ದಿಬ್ಬವನ್ನು ಕಡಿದು, ತಗ್ಗನ್ನು ತುಂಬಿ, ಹೊಳೆಗೆ ಸೇತುವೆ ಹಾಕಿ, ಗುಡ್ಡವನ್ನು ಬಳಸಿ ಬಳಸಿ ದಾರಿಯನ್ನು ಸಮ ಮಾಡಿದರು. ಸುಮಾರು 440 ಮೀಟರು ಎತ್ತರದ ಒಲೋಟ್‌ನಿಂದ ಹೊರಟ ದಾರಿ ಬಾಸ್ ಕಣಿವೆಯನ್ನು ದಾಟಿ 600 ಮೀಟರಿಗೆ ತುಸು ಮೇಲೇರುತ್ತದೆ. ಅಲ್ಲಿಂದ ಮುಂದೆ ಜಿರೋನಾದ 70 ಮೀಟರಿನವರೆಗೆ ಬಹುಪಾಲು ಇಳಿಜಾರು. ಉಗಿಬಂಡಿಯ ಅಶಕ್ತಿಗಾಗಿ ನೂರು ವರ್ಷಗಳ ಹಿಂದೆ ಹೂಡಿದ ಶ್ರಮ ಇಂದು ಮಕ್ಕಳಿಗೆ, ಮುದುಕರಿಗೆ, ಗಾಲಿಕುರ್ಚಿಯವರಿಗೆ ಸಲ್ಲುತ್ತಿದೆ. ಹೊಸದಾಗಿ ಇಷ್ಟು ಸಮವಾದ ದಾರಿಯನ್ನು ಸೈಕಲ್ಲಿಗಾಗಿಯೇ ಕಡಿಯಲು ಯಾವ ಹಣಕಾಸು ಇಲಾಖೆಯೂ ಒಪ್ಪದು.

ಒಲೋಟ್ ಬಿಟ್ಟೊಡನೆ ಸಿಗುವ ಲೆಸ್ ಪ್ರೆಸೆಸ್ ಗ್ರಾಮದಿಂದ ಮೆಕ್ಕೆಜೋಳದ ಹೊಲಗಳ, ದನಗಳ ಹುಲ್ಲುಗಾವಲುಗಳ ನಡುವೆ ದಾರಿ ಸಾಗುತ್ತದೆ. ಮುಂದೆ ಸಾಂತ್ ಫೆಲಿಯು ದೆ ಪಲ್ಯೆರೊಲ್ಸ್, ಲೆಸ್ ಪ್ಲಾನೆಸ್, ಆಮೆರ್ ಊರುಗಳು. ಬ್ರುಜೆಂಟ್ ಎಂಬ ಹೊಳೆ ಬಹುದೂರ ಜೊತೆಗೇ ಬರುತ್ತದೆ. ಆಮೆರ್ ದಾಟಿದ ಮೇಲೆ ತೆರ್ ನದಿಯ ಬಯಲು, ಹಳೆಯ ಗಿರಣಿಗಳ ಊರುಗಳು, ಕೊನೆಗೆ ಜಿರೋನಾದ ಹೊರವಲಯ. ದಾರಿಗೆ ಡಾಂಬರು ಬಹುತೇಕ ಇಲ್ಲ. ದಮ್ಮಸು ಮಾಡಿದ ಗರಸಿನ ನೆಲ. ಹಳೆಯ ನಿಲ್ದಾಣಗಳ ಪೈಕಿ ಕೆಲವು ಇಂದು ಪ್ರವಾಸಿ ಮಾಹಿತಿ ಕೇಂದ್ರಗಳಾಗಿವೆ, ಕೆಲವು ಊಟದ ಮನೆಗಳಾಗಿವೆ. ಎಲ್ಲವೂ ಅಚ್ಚುಕಟ್ಟು ಎಂದಲ್ಲ. ಕೆಲವೆಡೆ ಹಳೆಯ ಹಳಿದಾರಿಯನ್ನು ರಸ್ತೆಯೋ ಕಟ್ಟಡವೋ ನುಂಗಿದೆ. ಅಲ್ಲಿ ಸವಾರ ಊರೊಳಗಿನ ಬೀದಿಯನ್ನು ಬಳಸಿ ಹೋಗಬೇಕು, ರಸ್ತೆಯನ್ನು ದಾಟಬೇಕು. ದಾರಿ ಅಖಂಡವಾಗಿದ್ದಾಗ ಗೊತ್ತಾಗದ ಅದರ ಬೆಲೆ ಅಂಥ ಕಡೆ ಕೂಡಲೇ ಗೊತ್ತಾಗುತ್ತದೆ. ಹೆತ್ತವರು ಮಕ್ಕಳ ಸೈಕಲ್ ಹಿಡಿದು ನಿಲ್ಲಿಸುತ್ತಾರೆ, ಮುದುಕರು ಇಳಿದು ತಳ್ಳುತ್ತಾರೆ.

ಇದರಿಂದ ಊರಿಗೇನು ಲಾಭ ಎಂದು ಕೇಳುವುದು ನ್ಯಾಯವೇ. ಕಾರಿನಲ್ಲಿ ಬರುವ ಪ್ರವಾಸಿ ಒಂದೇ ದಿನದಲ್ಲಿ ಮೂರು ಪ್ರಸಿದ್ಧ ಸ್ಥಳಗಳನ್ನು ನೋಡಿ, ಮೂರರಲ್ಲಿಯೂ ವಾಹನ ನಿಲ್ಲಿಸಲು ಜಾಗ ಬೇಡಿ, ರಾತ್ರಿ ನಗರಕ್ಕೆ ಮರಳುತ್ತಾನೆ. ಸೈಕಲ್ ಪ್ರವಾಸಿ ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರು ಮಾತ್ರ ಹೋಗಬಲ್ಲ. ಅವನಿಗೆ ಹತ್ತು ಕಿಲೋಮೀಟರಿಗೊಮ್ಮೆ ನೀರು, ಇಪ್ಪತ್ತಕ್ಕೊಮ್ಮೆ ತಿಂಡಿ, ಸಂಜೆಗೆ ಹಾಸಿಗೆ ಬೇಕು. ಹೊತ್ತೊಯ್ಯಲಾರದ್ದನ್ನೆಲ್ಲ ಅವನು ದಾರಿಯಲ್ಲೇ ಕೊಳ್ಳಬೇಕು. ಆದ್ದರಿಂದ ಅವನ ಹಣ ಯಾವ ಪ್ರಸಿದ್ಧಿಯೂ ಇಲ್ಲದ ಹಳ್ಳಿಯ ಬೇಕರಿಗೆ, ಖಾನಾವಳಿಗೆ, ಸೈಕಲ್ ರಿಪೇರಿಯವನಿಗೆ ಹಂಚಿಹೋಗುತ್ತದೆ. ಅದು ದೊಡ್ಡ ಹಣವಲ್ಲದಿರಬಹುದು. ಆದರೆ ತೆಳುವಾಗಿ ಹರಡುವ ಹಣ. ಗ್ರಾಮೀಣ ಅರ್ಥವ್ಯವಸ್ಥೆಗೆ ಒಂದೇ ಕಡೆ ಸುರಿಯುವ ಮಳೆಗಿಂತ ಇಂಥ ಜಡಿಮಳೆ ಹಿತ. ಜೊತೆಗೆ ಲೆಕ್ಕಕ್ಕೆ ಸಿಗದ ಲಾಭವೂ ಉಂಟು. ಆ ದಾರಿಯಲ್ಲಿ ದೂರದ ಪ್ರವಾಸಿಗಳಷ್ಟೇ ಅಲ್ಲ, ಶಾಲೆಗೆ ಹೋಗುವ ಮಕ್ಕಳು, ಸಂಜೆ ನಡೆಯುವ ವೃದ್ಧ ದಂಪತಿಗಳು, ಪಕ್ಕದೂರಿಗೆ ಕೆಲಸಕ್ಕೆ ಹೋಗುವವರು ಇರುತ್ತಾರೆ. ಅವರು ಯಾರಿಗೂ ಟಿಕೆಟ್ ಇಲ್ಲ.

ಆದರೂ ಇದನ್ನು ಸರ್ವರೋಗಕ್ಕೂ ಮದ್ದೆಂದು ಕೊಂಡಾಡುವುದು ತಪ್ಪು. ಸೈಕಲ್ ಪ್ರವಾಸ ಋತುಮಾನದ ವ್ಯವಹಾರ. ನೇಯ್ಗೆಯ ಗಿರಣಿ ಕೊಡುತ್ತಿದ್ದ ವರ್ಷಪೂರ್ತಿಯ ಸಂಬಳವನ್ನು ಅದು ಕೊಡಲಾರದು. ಸೇತುವೆಗಳ ದುರಸ್ತಿ, ಮಳೆನೀರಿನ ಚರಂಡಿ, ಕುಸಿದ ದಂಡೆ ಇವೆಲ್ಲ ಪ್ರತಿವರ್ಷದ ಖರ್ಚು. ಉದ್ಘಾಟನೆಗೆ ಬರುವ ಮಂತ್ರಿಗಳು ಚರಂಡಿ ಬಳಿಸುವ ದಿನ ಬರುವುದಿಲ್ಲ. ಪ್ರವಾಸಿಗಳು ಹೆಚ್ಚಿದಲ್ಲಿ ಮನೆ ಬಾಡಿಗೆ ಏರುವುದು, ಊರಿನ ತರುಣರಿಗೆ ಊರಿನಲ್ಲಿಯೇ ಮನೆ ಸಿಗದಿರುವುದು ಯೂರೋಪಿನ ಅನೇಕ ಚೆಲುವಾದ ಸೀಮೆಗಳ ದೂರು. ಒಂದು ದಾರಿಯಿಂದ ಇಡೀ ಸೀಮೆ ವಾಹನಮುಕ್ತವಾಗುವುದೂ ಇಲ್ಲ. 2009ರಲ್ಲಿ ಬ್ರಾಕೋನ್ಸ್ ಎಂಬಲ್ಲಿ ಉದ್ದನೆಯ ರಸ್ತೆ ಸುರಂಗ ತೆರೆದ ಮೇಲೆ ಬಾರ್ಸಿಲೋನಾದ ಕಡೆಯ ವಾಹನಗಳು ಬಾಸ್ ಕಣಿವೆಗೆ ನೇರವಾಗಿ ಇಳಿಯತೊಡಗಿದವು. ಊರುಗಳನ್ನು ಬಳಸುವ ಬೈಪಾಸ್ ಬೇಕೆಂದು ಕೆಲವರು, ಅದು ಕಣಿವೆಯ ಹೊಲಗಳನ್ನು ಸೀಳುತ್ತದೆಂದು ಇನ್ನು ಕೆಲವರು ವಾದಿಸಿದ್ದಾರೆ. ಎರಡೂ ಕಡೆಯ ಮಾತಿನಲ್ಲಿ ಸತ್ಯಾಂಶವಿದೆ. ವಾಹನವಿಲ್ಲದ ದಾರಿಯ ಪಕ್ಕದಲ್ಲಿಯೇ ವಾಹನಗಳ ಪ್ರಶ್ನೆ ಹಾಗೆಯೇ ಉಳಿದಿದೆ.

ದಾರಿಯನ್ನು ಉಳಿಸಿಕೊಂಡದ್ದರ ಹಿಂದೆ, ನೆಲವನ್ನೇ ಉಳಿಸಿಕೊಂಡ ಇನ್ನೊಂದು ಹೋರಾಟವಿದೆ. ಕ್ರೋಸ್ಕಾಟ್ ಜ್ವಾಲಾಮುಖಿಯ ಮೈ ಸಡಿಲವಾದ ಕಪ್ಪು, ಕೆಂಪು ಜಲ್ಲಿಯಿಂದ ಆದದ್ದು. ಕಟ್ಟಡದ ಕೆಲಸಕ್ಕೆ ಅದಕ್ಕೆ ಒಳ್ಳೆಯ ಬೇಡಿಕೆ ಇತ್ತು. ದಶಕಗಳ ಕಾಲ ಗಣಿಯವರು ಬೆಟ್ಟದ ಒಂದು ಮಗ್ಗುಲನ್ನು ಅಗೆದು ಸಾಗಿಸಿದರು. ಜ್ವಾಲಾಮುಖಿಗಳನ್ನು ಉಳಿಸಬೇಕೆಂದು 1970ರ ದಶಕದಲ್ಲಿ ಸ್ಥಳೀಯರು, ವಿಜ್ಞಾನಿಗಳು ದನಿಯೆತ್ತಿದರು. ಕ್ಯಾಟಲೋನಿಯಾದ ಶಾಸನಸಭೆ 1982ರ ಮಾರ್ಚ್‌ನಲ್ಲಿ ಕಾನೂನು ಮಾಡಿ ಆ ಪ್ರದೇಶವನ್ನು ಸಂರಕ್ಷಿಸಿತು. ಇಂದು ಅದು ಸುಮಾರು 150 ಚದರ ಕಿಲೋಮೀಟರಿನ ನಿಸರ್ಗ ಉದ್ಯಾನ. ಕಾನೂನು ಬಂದ ಮೇಲೂ ಕ್ರೋಸ್ಕಾಟ್‌ನ ಗಣಿಗಾರಿಕೆ ಪೂರ್ತಿ ನಿಲ್ಲಲು 1990ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಬಳ್ಳಾರಿ ಸೀಮೆಯ ಗಣಿಗಳ ಕತೆ ಬಲ್ಲ ನಮಗೆ ಈ ನಿಧಾನವನ್ನು ವಿವರಿಸಬೇಕಾಗಿಲ್ಲ.

ಗಣಿ ನಿಂತ ಮೇಲೆ ಅವರು ಮಾಡಿದ ಕೆಲಸ ನನಗೆ ಹೆಚ್ಚು ಪ್ರಿಯವಾದುದು. ಕತ್ತರಿಸಿದ ಬೆಟ್ಟದ ಗಾಯವನ್ನು ಮಣ್ಣು ತುಂಬಿ ಮುಚ್ಚಿಬಿಡಲಿಲ್ಲ. ನೂರು ಮೀಟರಿನಷ್ಟು ಎತ್ತರದ ಆ ಸೀಳನ್ನು ಭದ್ರಪಡಿಸಿ, ಅದರ ಬುಡಕ್ಕೆ ಕಾಲುದಾರಿ ಮಾಡಿ, ಜನರಿಗೆ ತೆರೆದರು. ಇಂದು ಶಾಲಾಮಕ್ಕಳು ಅಲ್ಲಿ ನಿಂತು, ಜ್ವಾಲಾಮುಖಿಯ ಒಡಲು ಪದರಪದರವಾಗಿ ಹೇಗಿರುತ್ತದೆಂದು ಕಣ್ಣಾರೆ ಕಾಣುತ್ತಾರೆ. ಉದ್ಯಾನದ ಒಳಗಿನ ಬಹುಪಾಲು ಜಮೀನು ಇಂದಿಗೂ ಖಾಸಗಿಯವರದು; ಅಲ್ಲಿ ಹಳ್ಳಿಗಳಿವೆ, ಬೇಸಾಯವಿದೆ. ಬೀಚ್ ಕಾಡಿನ ನಡುವೆ 1982ರಲ್ಲಿ ಸ್ಥಾಪನೆಯಾದ ಒಂದು ಸಹಕಾರ ಸಂಸ್ಥೆ ಮಾನಸಿಕ ಅಸ್ವಸ್ಥತೆ, ಬುದ್ಧಿಮಾಂದ್ಯ ಇರುವವರಿಗೆ ಉದ್ಯೋಗ ಕೊಟ್ಟು ಮೊಸರು ತಯಾರಿಸುತ್ತದೆ. ಅದರ ಮೊಸರು ಕ್ಯಾಟಲೋನಿಯಾದ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಸಂರಕ್ಷಣೆ ಎಂದರೆ ಜನರನ್ನು ಹೊರಗಟ್ಟಿ ಬೇಲಿ ಹಾಕುವುದಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇದು ಸ್ಪೇನ್ ಒಂದರದೇ ಅನುಭವವಲ್ಲ. ಜರ್ಮನಿಯ ಪಶ್ಚಿಮದ ಐಫೆಲ್ ಪ್ರದೇಶವೂ ಜ್ವಾಲಾಮುಖಿಗಳ ಸೀಮೆ. ನೆಲದಡಿಯ ನೀರಿಗೆ ಬಿಸಿಶಿಲಾರಸ ತಾಗಿ ಸ್ಫೋಟಿಸಿದಾಗ ಉಂಟಾದ ದುಂಡನೆಯ ಕುಳಿಗಳಲ್ಲಿ ನೀರು ನಿಂತು ಕೊಳಗಳಾಗಿವೆ. ಅವುಗಳಿಗೆ ಅಲ್ಲಿನ ಆಡುಮಾತಿನಲ್ಲಿ ‘ಮಾರ್’ ಎಂದು ಹೆಸರು. ಆ ಹೆಸರೇ ಭೂವಿಜ್ಞಾನದ ಜಾಗತಿಕ ಪದವಾಗಿದೆ. ಅಲ್ಲಿನ ಡೌನ್ ಪಟ್ಟಣದಿಂದ ಮೊಸೆಲ್ ನದಿಯ ದ್ರಾಕ್ಷಿತೋಟಗಳವರೆಗೆ ಹೋಗುವ 58 ಕಿಲೋಮೀಟರಿನ ಸೈಕಲ್ ಪಥ ಕೂಡ ಬಹುಪಾಲು ಹಳೆಯ ರೈಲಿನ ದಾರಿಯೇ. ಎತ್ತರದ ಸೇತುವೆಗಳನ್ನೂ ಸುರಂಗಗಳನ್ನೂ ಹಾಯ್ದು ಅದು ಕೊಳಗಳ ಸೀಮೆಯಿಂದ ನದಿಗೆ ಇಳಿಯುತ್ತದೆ. ಬೆಟ್ಟದ ನಾಡುಗಳಿಗೆ ಎರಡೂ ಕಡೆ ರೈಲು ತಡವಾಗಿ ಬಂತು, ಬೇಗ ಹೋಯಿತು. ಇಂಥ ಪಥಗಳು ಜ್ವಾಲಾಮುಖಿಯ ಸೀಮೆಗಳಲ್ಲಿ ಸಿಗುವುದು ಕಾಕತಾಳೀಯವಲ್ಲ. ಏರುತಗ್ಗಿನ ನೆಲ, ವಿರಳ ಜನಸಂಖ್ಯೆ, ದೊಡ್ಡ ಉದ್ಯಮದ ಅಭಾವ ಇವೇ ರೈಲನ್ನು ನಷ್ಟಕ್ಕೆ ತಳ್ಳಿದ ಕಾರಣಗಳು. ಇವೇ ಇಂದು ಪ್ರವಾಸಿಯನ್ನು ಕರೆಯುವ ಕಾರಣಗಳು ಕೂಡ.

ನಷ್ಟದ ರೈಲನ್ನು ಮುಚ್ಚಿದ್ದು ಸರಿಯೇ ಎಂಬ ಪ್ರಶ್ನೆ ಈಗ ಮತ್ತೆ ಎದ್ದಿದೆ. ಹವಾಮಾನ ಬದಲಾವಣೆಯ ಈ ಕಾಲದಲ್ಲಿ ರೈಲು ಮರಳಿ ಬರಲಿ ಎನ್ನುವವರು ಯೂರೋಪಿನಾದ್ಯಂತ ಇದ್ದಾರೆ. ಸೈಕಲ್ ಪಥವನ್ನು ಮೆಚ್ಚುವ ನಾನೂ ಅವರ ಮಾತನ್ನು ತಳ್ಳಿಹಾಕಲಾರೆ. ವಾಸ್ತವವಾಗಿ, ದಾರಿಯನ್ನು ಅಖಂಡವಾಗಿ ಉಳಿಸಿಕೊಂಡವರು ಮಾತ್ರ ಇಂದು ಆ ಚರ್ಚೆಯನ್ನು ಮಾಡಬಲ್ಲರು. ಮಾರಿಕೊಂಡವರಿಗೆ ಚರ್ಚಿಸಲು ಏನೂ ಉಳಿದಿಲ್ಲ. ನಾಳೆಯವರು ನಮಗಿಂತ ಬೇರೆಯಾದದ್ದನ್ನು ಬಯಸಬಹುದು; ಅವರ ಆಯ್ಕೆಯನ್ನು ಇಂದೇ ಕಸಿಯಬಾರದು. ಅರ್ಥಶಾಸ್ತ್ರಜ್ಞರು ಇದಕ್ಕೂ ಒಂದು ಮೌಲ್ಯ ಕಟ್ಟುತ್ತಾರೆ. ಆದರೆ ವಾರ್ಷಿಕ ಬಜೆಟ್ಟಿನ ಯಾವ ಶೀರ್ಷಿಕೆಯಲ್ಲಿಯೂ ಅದು ಕಾಣಿಸುವುದಿಲ್ಲ. ಮಾರಾಟದಿಂದ ಬಂದ ಹಣ ಮಾತ್ರ ಕಾಣಿಸುತ್ತದೆ.

ನಮ್ಮಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿದೆ. ಭಾರತದಲ್ಲಿ ರೈಲು ಕುಗ್ಗುತ್ತಿಲ್ಲ, ಬೆಳೆಯುತ್ತಿದೆ; ಅದು ಸಂತೋಷದ ವಿಷಯ. ಆದರೆ 1992ರಲ್ಲಿ ಆರಂಭವಾದ ಗೇಜ್ ಪರಿವರ್ತನೆಯ ಮಹಾಕಾರ್ಯದಲ್ಲಿ ಅಲ್ಲಲ್ಲಿ ಮಾರ್ಗ ನೇರವಾಗಿ, ಹಳೆಯ ತಿರುವುಗಳು, ಸೇತುವೆಗಳು ಪಕ್ಕಕ್ಕೆ ಬಿದ್ದಿವೆ. ರೈಲ್ವೆಯ ಖಾಲಿ ನೆಲವನ್ನು ವಾಣಿಜ್ಯ ಬಳಕೆಗೆ ತರಲು 2005ರ ಕಾಯ್ದೆಯ ತಿದ್ದುಪಡಿಯಿಂದ ಪ್ರತ್ಯೇಕ ಪ್ರಾಧಿಕಾರವೇ ಬಂದಿದೆ. ನಗರದ ನಡುವಿನ ನಿವೇಶನದಿಂದ ಆದಾಯ ಪಡೆಯುವುದನ್ನು ಯಾರೂ ಆಕ್ಷೇಪಿಸಬೇಕಿಲ್ಲ. ಆದರೆ ನಿವೇಶನವನ್ನೂ ದಾರಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು. ಉದ್ದನೆಯ ಪಟ್ಟಿಯನ್ನು ವಿಲೇವಾರಿ ಮಾಡುವ ಮುನ್ನ, ಇದು ತುದಿಯಿಂದ ತುದಿಗೆ ಕೂಡಿಕೊಂಡಿದೆಯೇ ಎಂಬ ಒಂದು ಪ್ರಶ್ನೆಯನ್ನಾದರೂ ಕಡತದ ಮೇಲೆ ಬರೆಯುವ ಪದ್ಧತಿ ಬರಬೇಕು.

ರೈಲಿನ ಮಾತು ಹಾಗಿರಲಿ. ಕಂದಾಯ ಇಲಾಖೆಯ ಕಾಗದಗಳೊಡನೆ ಬಾಳಿದ ಯಾವ ಅಧಿಕಾರಿಯೂ ಬಲ್ಲ ಸಂಗತಿಯೊಂದಿದೆ. ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ರಾಜಕಾಲುವೆಗಳ ಗೆರೆಗಳು ಸ್ಪಷ್ಟವಾಗಿರುತ್ತವೆ. ಸ್ಥಳ ತನಿಖೆಗೆ ಹೋದರೆ ಗೆರೆ ಇರಬೇಕಾದಲ್ಲಿ ಯಾರದೋ ಬೆಳೆ, ಇನ್ಯಾರದೋ ಕಾಂಪೌಂಡು. ಒಬ್ಬನು ಎರಡು ಗಜ ಒತ್ತಿದ್ದನ್ನು ಊರು ಸಹಿಸಿತು, ಅವನನ್ನು ನೋಡಿ ಮತ್ತೊಬ್ಬನು ಒತ್ತಿದ, ಎಲ್ಲೋ ಒಂದು ಕಡೆ ದಾರಿ ಪೂರ್ತಿ ಮುಚ್ಚಿತು. ಅಲ್ಲಿಗೆ ಉಳಿದ ಎರಡು ಮೈಲಿನ ದಾರಿಯೂ ಉಪಯೋಗಕ್ಕೆ ಬಾರದೆ ಹೋಯಿತು. ಉಪಯೋಗಕ್ಕೆ ಬಾರದ್ದನ್ನು ಕಾಯಲು ಯಾರೂ ಉಳಿಯಲಿಲ್ಲ. ಕಾನೂನಿನ ಪುಸ್ತಕದಲ್ಲಿ ಆ ದಾರಿಗಳು ಇಂದಿಗೂ ಸರ್ಕಾರದವೇ. ಮಕ್ಕಳು ಶಾಲೆಗೆ ಮಾತ್ರ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಗಾಳಿಗೆ ಮೈಯೊಡ್ಡಿ ಸೈಕಲ್ ತುಳಿಯುತ್ತಿದ್ದಾರೆ. ಸರ್ಕಾರವೇ ಆ ಮಕ್ಕಳಿಗೆ ಸೈಕಲ್ ಕೊಟ್ಟದ್ದೂ ಉಂಟು. 2006ರಲ್ಲಿ ಆರಂಭಿಸಿದ ಆ ಯೋಜನೆ ಸೈಕಲ್ಲನ್ನು ಕೊಟ್ಟಿತು, ದಾರಿಯನ್ನು ಕೊಡಲಿಲ್ಲ.

ಗರೋಚಾದ ಅನುಭವ ನಮಗೆ ಹೇಳುವುದು ಸೈಕಲ್ ಪ್ರವಾಸೋದ್ಯಮ ಮಾಡಿ ಎಂಬುದನ್ನಲ್ಲ. ಅಲ್ಲಿನ ಹವೆ ಬೇರೆ, ಹಣ ಬೇರೆ, ಜನಸಾಂದ್ರತೆ ಬೇರೆ. 1969ರಲ್ಲಿ ಆ ರೈಲನ್ನು ನಿಲ್ಲಿಸಿದವರ ಮನಸ್ಸಿನಲ್ಲಿ ಸೈಕಲ್ ಪಥದ ಕಲ್ಪನೆ ಇದ್ದಿರಲಾರದು. ಬೇಡವಾದ ದಾರಿಯ ಬಹುಭಾಗ ಸಾರ್ವಜನಿಕರ ಕೈಯಲ್ಲಿಯೇ ಉಳಿದದ್ದರಿಂದ, ಕಾಲು ಶತಮಾನದ ನಂತರ ಅದಕ್ಕೊಂದು ಹೊಸ ಉಪಯೋಗ ಹೊಳೆದಾಗ ನೆಲ ಸಿದ್ಧವಾಗಿತ್ತು. ಹೊಸ ದಾರಿ ಕಟ್ಟುವುದಕ್ಕೆ ಹಣ ಬೇಕು, ಭೂಸ್ವಾಧೀನ ಬೇಕು, ಹೋರಾಟಗಳನ್ನು ಎದುರಿಸಬೇಕು. ಇರುವ ದಾರಿಯನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದದ್ದು ಒಂದು ನಕ್ಷೆ, ವರ್ಷಕ್ಕೊಮ್ಮೆ ಅದನ್ನು ಹಿಡಿದು ಸ್ಥಳಕ್ಕೆ ಹೋಗುವ ಸರ್ವೆಯವನು, ಮತ್ತು ಮೊದಲ ಎರಡು ಗಜದ ಒತ್ತುವರಿಯ ದಿನವೇ ಬೇಡ ಎನ್ನಬಲ್ಲ ಒಬ್ಬ ಅಧಿಕಾರಿ. ಪ್ರತಿ ತಾಲೂಕಿನಲ್ಲಿಯೂ ಇನ್ನೂ ಕಡಿದುಹೋಗದ ಬಂಡಿದಾರಿಗಳು ಎಷ್ಟಿವೆ ಎಂಬ ಪಟ್ಟಿಯನ್ನು ಸಿದ್ಧಪಡಿಸಲು ಯಾವ ಹೊಸ ಕಾನೂನೂ ಬೇಕಾಗಿಲ್ಲ. ಆ ಕೆಲಸವನ್ನು ಈ ಬೇಸಿಗೆಯ ಜಮಾಬಂದಿಯಿಂದಲೇ ಆರಂಭಿಸಬಹುದು.